ಮಗ್ಗ ನಿಲ್ಲಿಸಿದ ಸಂಜೆ

ನಮ್ಮ ಬೀದಿಯಲ್ಲಿ ಮಗ್ಗ ನಿಂತರೆ ಒಂದೋ ಕರೆಂಟ್ ಹೋಗಿರುತ್ತದೆ, ಇಲ್ಲವೇ ಯಾರಾದರೂ ಸತ್ತಿರುತ್ತಾರೆ. ಕರೆಂಟ್ ಹೋದರೆ ಬೀದಿಗೆ ಬೀದಿಯೇ ಒಟ್ಟಿಗೆ ನಿಲ್ಲುತ್ತದೆ, ಅದನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಒಂದೇ ಮನೆಯ ಮಗ್ಗ ನಿಂತರೆ ಮಾತ್ರ ಅಕ್ಕಪಕ್ಕದವರು ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ಇಣುಕುತ್ತಾರೆ. ಸಾವು ಎಂದು ಗೊತ್ತಾದರೆ ವಾಪಸ್ ಹೋಗಿ ತಮ್ಮದನ್ನೂ ನಿಲ್ಲಿಸುತ್ತಾರೆ. ಹೆಣ ಎತ್ತುವವರೆಗೆ ಯಾರ ಮನೆಯಲ್ಲೂ ಲಾಳಿ ಓಡುವುದಿಲ್ಲ. ದೊಡ್ಡಬಳ್ಳಾಪುರದ ಎಲ್ಲ ಬೀದಿಗಳಲ್ಲೂ ಹೀಗೇ ಇದೆಯೋ ಏನೋ ನನಗೆ ಗೊತ್ತಿಲ್ಲ, ನಮ್ಮ ಬೀದಿಯಲ್ಲಂತೂ ಹೀಗೆ.

ನಮ್ಮ ಮನೆಯ ನಡುಮನೆಯೇ ಮಗ್ಗದ ಮನೆ. ಬೆಳಿಗ್ಗೆ ಅಪ್ಪ ಸ್ವಿಚ್ ಹಾಕಿದರೆ ಮಧ್ಯಾಹ್ನದ ಊಟದ ಹೊತ್ತು ಬಿಟ್ಟು ಕತ್ತಲಾಗುವವರೆಗೂ ನಾಲ್ಕೂ ಪವರ್‌ಲೂಮ್ ಬಡಿಯುತ್ತಲೇ ಇರುತ್ತವೆ. ಹಾಗಾಗಿ ನಮ್ಮಲ್ಲಿ ಮಾತೆಂದರೆ ಕಿರುಚುವುದು, ಇಲ್ಲವೇ ಕೈಸನ್ನೆ. ಅಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು ಐದೂ ಬೆರಳು ಕೂಡಿಸಿ ಬಾಯಿಯ ಹತ್ತಿರ ಹಿಡಿದರೆ ಊಟಕ್ಕೆ ಬನ್ನಿ ಎಂದು ಅರ್ಥ. ಹೊರಗಿನಿಂದ ಬಂದ ನೆಂಟರು ಯಾಕೆ ಎಲ್ಲರೂ ಜಗಳ ಆಡುತ್ತಿದ್ದೀರಿ ಎಂದು ಕೇಳುತ್ತಾರೆ. ನಮಗೋ, ಸಣ್ಣ ದನಿಯಲ್ಲಿ ಮಾತಾಡುವವರನ್ನು ಕಂಡರೇ ಅನುಮಾನ. ಇವರು ಕೈಗಡ ಕೇಳಲು ಬಂದಿದ್ದಾರೆ ಅಥವಾ ಸುಳ್ಳು ಹೇಳುತ್ತಿದ್ದಾರೆ ಎಂದೇ ಅಪ್ಪ ತಿಳಿಯುತ್ತಾನೆ.

ಇಷ್ಟು ಸದ್ದಿನ ಮನೆಯಲ್ಲಿ ಒಂದು ವಿಷಯವನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ನಾನು ಮುಚ್ಚಿಟ್ಟುಕೊಂಡಿದ್ದೆ. ಡಿಗ್ರಿಯ ಕೊನೆಯ ವರ್ಷದಲ್ಲಿ ನನಗೆ ನಾನೇ ಗಾಯ ಮಾಡಿಕೊಳ್ಳುವುದು ಶುರುವಾಗಿತ್ತು. ಹೇಗೆ, ಏನು ಎಂದು ಬರೆಯುವುದಿಲ್ಲ. ಬರೆದರೆ ಯಾರಿಗೂ ಉಪಯೋಗವಿಲ್ಲ. ಆಮೇಲೆ ಬಾಶೆಟ್ಟಿಹಳ್ಳಿಯ ಕಡೆ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿದೆ, ಸಂಬಳ ಬಂತು, ಸ್ಕೂಟಿ ಬಂತು, ಅದು ಮಾತ್ರ ಹೋಗಲಿಲ್ಲ.

ಕಾರಣ ಕೇಳಿದರೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ತಿನ್ನುತ್ತಿದ್ದದ್ದು. ಅಪ್ಪ ಕುಡಿಯುವವನಲ್ಲ, ಹೊಡೆಯುವವನಲ್ಲ. ಅಮ್ಮ ತಾನು ತಿನ್ನದೆ ನನಗೆ ಎತ್ತಿಡುವವಳು. ಯಾರೋ ಕೈಕೊಟ್ಟು ಹೋದರು ಎಂದು ಹೇಳೋಣವೆಂದರೆ ಅದೂ ಇಲ್ಲ. ಎದೆ ಮೇಲೆ ಏನೋ ಹೇರಿಕೊಂಡ ಹಾಗೆ ದಿನಗಳು ಹೋಗುತ್ತಿದ್ದವು. ಕಷ್ಟವೇ ಇಲ್ಲದೆ ಹೀಗೆ ಮಾಡಿಕೊಳ್ಳುವ ನಾನು ಎಂಥವಳು ಎಂದು ಆಫೀಸಿನ ಬಾತ್‌ರೂಮಿನಲ್ಲಿ ನಿಂತು ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಬೈದುಕೊಂಡಷ್ಟೂ ಅದು ಜಾಸ್ತಿಯಾಗುತ್ತಿತ್ತು.

ಬೇಸಿಗೆಯಲ್ಲೂ ನಾನು ತುಂಬುತೋಳಿನ ಚೂಡಿದಾರ ಹಾಕುತ್ತಿದ್ದೆ. ಅಮ್ಮನಿಗೆ ಅದು ಹೆಮ್ಮೆಯ ವಿಷಯವಾಗಿಬಿಟ್ಟಿತು. ಎದುರುಮನೆಯ ಅತ್ತೆಯ ಹತ್ತಿರ, ಬೀದಿಯ ಈ ತುದಿಯಿಂದ ಆ ತುದಿಗೆ ಕೇಳುವ ದನಿಯಲ್ಲಿ, "ನಮ್ ಹುಡ್ಗಿ ನೋಡಕ್ಕ, ಕೆಲಸಕ್ಕೋಗ್ತಾಳೆ, ಆದ್ರೂ ಒಂದಿನ ತೋಳು ಕಾಣೋ ಬಟ್ಟೆ ಹಾಕಿಲ್ಲ" ಎನ್ನುವಳು. ಎದುರುಮನೆಯವರು ನಮಗೆ ನೆಂಟರೇನಲ್ಲ, ಹುಟ್ಟಿದಾಗಿನಿಂದ ಅತ್ತೆ ಎಂದೇ ಕರೆಯುವುದು. ಆ ಅತ್ತೆ ತಮ್ಮ ಸೊಸೆಗೆ ನನ್ನನ್ನು ತೋರಿಸಿ ಬುದ್ಧಿ ಹೇಳುತ್ತಿದ್ದರು. ಆ ಸೊಸೆಯ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

ಯಾರಿಗಾದರೂ ತೋರಿಸಿಕೊಳ್ಳಬೇಕು ಎಂದು ತೀರ್ಮಾನ ಮಾಡಿದ್ದು ಹೋದ ವರ್ಷ. ಯುಗಾದಿಗೆ ಅಪ್ಪ ತನ್ನ ಮಗ್ಗದಲ್ಲೇ ನನಗೆಂದು ಒಂದು ಸೀರೆ ತೆಗೆದಿದ್ದ. ನಮ್ಮ ಮಗ್ಗದಲ್ಲಿ ಇಳಿದ ಸೀರೆಗಳೆಲ್ಲ ಅಂಗಡಿಗೆ ಹೋಗುವಂಥವು, ಮನೆಗೆ ಎಂದು ನೇಯುವುದು ಬಹಳ ಅಪರೂಪ. ಪಾಚಿ ಬಣ್ಣ, ಸಣ್ಣ ಅಂಚು. ಬ್ಲೌಸಿಗೆ ಅಳತೆ ಕೊಡಲು ಟೈಲರ್ ಹತ್ತಿರ ಹೋಗೋಣ ಬಾ ಎಂದು ಅಮ್ಮ ಕರೆದಳು. ತಲೆನೋವು ಎಂದೆ. ಮಾರನೆಯ ದಿನ ಕೆಲಸ ಎಂದೆ. ಹಬ್ಬದ ದಿನ ಸೀರೆ ಉಡಲೇ ಇಲ್ಲ. ಅಪ್ಪ, ಬಣ್ಣ ಹಿಡಿಸಲಿಲ್ಲವೇನೋ ಎಂದು ಅಮ್ಮನ ಹತ್ತಿರ ಹೇಳಿದನಂತೆ. ಅದನ್ನು ಕೇಳಿ ನನಗೆ ಅಳು ಬಂತು. ಬೀರುವಿನ ಬಾಗಿಲು ತೆಗೆದು ಆ ಸೀರೆ ನೋಡುತ್ತಾ ನಿಂತಿದ್ದೆ.

ಮೊದಲು ಹೋಗಿದ್ದು ನಮ್ಮೂರಿನ ಸರ್ಕಾರಿ ಆಸ್ಪತ್ರೆಗೆ. ಮನಸ್ಸಿನ ಡಾಕ್ಟರು ಬರುವ ದಿನ ಕೇಳಿಕೊಂಡು, ಆಫೀಸಿಗೆ ಅರ್ಧ ದಿನ ರಜ ಹಾಕಿ ಸಾಲಿನಲ್ಲಿ ನಿಂತೆ. ಚೀಟಿ ಕೊಡುವ ಕಿಟಕಿ ಇನ್ನೇನು ಹತ್ತಿರ ಬಂತು ಎನ್ನುವಾಗ ಹಿಂದಿನಿಂದ, ಮಗ್ಗದ ಮನೆಯವರ ದನಿಯಲ್ಲಿ, "ಏನವ್ವಾ, ನೀನಿಲ್ಲಿ? ಯಾರ್ಗೆ ತೋರ್ಸಕ್ಕೆ?" ಎಂದು ಕೇಳಿಸಿತು. ಎದುರುಮನೆಯ ಅತ್ತೆ ಬಿಪಿ ಮಾತ್ರೆಗೆ ಬಂದಿದ್ದರು. ಕಿಟಕಿಯ ಮೇಲೆ ಯಾವ ಡಾಕ್ಟರಿಗೆ ಚೀಟಿ ಎಂದು ದಪ್ಪಕ್ಷರದಲ್ಲಿ ಬರೆದಿತ್ತು.

"ಅಮ್ಮಂಗೆ ಅತ್ತೆ," ಎಂದುಬಿಟ್ಟೆ. "ನಿದ್ದೆ ಬರಲ್ಲ ಅಂತಾರೆ. ವಿಚಾರಿಸ್ಕೊಂಡ್ ಹೋಗಣ ಅಂತ ಬಂದೆ."

ನಾಲಿಗೆ ಅಷ್ಟು ಸಲೀಸಾಗಿ ಹೇಗೆ ಹೊರಳಿತೋ ಗೊತ್ತಿಲ್ಲ. ಆಫೀಸಿನ ಗೆಳತಿಗೆ ಎನ್ನಬಹುದಿತ್ತು, ಕಣ್ಣಿನ ಡಾಕ್ಟರೆಂದುಕೊಂಡು ನಿಂತೆ ಎನ್ನಬಹುದಿತ್ತು. ಅಮ್ಮನ ಹೆಸರೇ ಬಂತು. ಅತ್ತೆ ಅಯ್ಯೋ ಪಾಪ ಎಂದರು. ನಾನು ಸಾಲು ಬಿಟ್ಟು ಬಂದೆ.

ಒಂದು ವಾರದೊಳಗೆ ಬೀದಿಯವರೆಲ್ಲ ಅಮ್ಮನನ್ನು ಮೆತ್ತಗೆ ಮಾತಾಡಿಸತೊಡಗಿದರು. ಒಬ್ಬರು ಗಸಗಸೆ ಪಾಯಸ ಮಾಡಿಕೊಂಡು ಕುಡಿ ಎಂದರು. ಇನ್ನೊಬ್ಬರು ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತುಕೋ ಎಂದರು. ನಲ್ಲಿ ಹತ್ತಿರ ಅಮ್ಮ ಒಂದು ಮಾತು ಜೋರಾಗಿ ಆಡಿದರೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರಂತೆ. "ಯಾಕೆ ಎಲ್ರೂ ನಂಗೆ ನಿದ್ದೆ ಬತ್ತದಾ ಅಂತ ಕೇಳ್ತಾರೆ?" ಎಂದು ಅಮ್ಮ ರೊಟ್ಟಿ ತಟ್ಟುತ್ತಾ ಕೇಳಿದಳು. "ನಾನು ತಲೆ ಇಟ್ರೆ ಸಾಕು, ಸತ್ತಂಗೆ ಮಲಗ್ತೀನಿ." ನಾನು ತಟ್ಟೆ ತೊಳೆಯಲು ಎದ್ದು ಹೋದೆ. ಮಾಡಿದ ಪಾಪ ಸಾಲದು ಎಂದು ಅಮ್ಮನ ತಲೆಗೂ ಕಟ್ಟಿದೆನಲ್ಲ ಎಂದುಕೊಳ್ಳುತ್ತಾ ಅದೇ ತಟ್ಟೆಯನ್ನು ಮತ್ತೆ ಮತ್ತೆ ಉಜ್ಜಿದೆ. ಹೋಗಿ ಹೇಳಿಬಿಡುವ ಧೈರ್ಯ ಮಾತ್ರ ಬರಲಿಲ್ಲ.

ಆಮೇಲೆ ಊರಿನ ಸಹವಾಸವೇ ಬೇಡ ಎಂದು ಫೋನಿನಲ್ಲಿ ಕೌನ್ಸೆಲರ್‌ಗಳನ್ನು ಹುಡುಕಿದೆ. ಬೆಂಗಳೂರಿನಲ್ಲಿ ಎಷ್ಟೊಂದು ಜನ ಇದ್ದಾರೆ ಎಂದು ಆಶ್ಚರ್ಯವಾಯಿತು. ಎಲ್ಲರ ಫೋಟೋದಲ್ಲೂ ಹಿಂದೆ ಒಂದು ಕುಂಡದ ಗಿಡ, ಪುಸ್ತಕದ ಕಪಾಟು. ಗಂಡು ನೋಡುವವರ ಹಾಗೆ ಒಬ್ಬೊಬ್ಬರದೇ ಮುಖ ಸರಿಸುತ್ತಾ ಕುಳಿತೆ. ಇವರು ತುಂಬಾ ಚೆಂದ, ಇವರಿಗೆ ನನ್ನ ಕಷ್ಟ ಅರ್ಥವಾಗಲಿಕ್ಕಿಲ್ಲ. ಇವರು ನಮ್ಮ ಹೈಸ್ಕೂಲ್ ಗಣಿತದ ಮೇಡಂ ಥರ ಇದ್ದಾರೆ, ಬೈದುಬಿಟ್ಟರೆ? ಕೊನೆಗೆ ಸುಮಾರಾಗಿ ನಗುತ್ತಿದ್ದ ಒಬ್ಬರನ್ನು ಆರಿಸಿಕೊಂಡು, ಒಂದು ಭಾನುವಾರ ಗೆಳತಿಯ ಮನೆಯ ಗೃಹಪ್ರವೇಶ ಎಂದು ಸುಳ್ಳು ಹೇಳಿ ರೈಲು ಹತ್ತಿದೆ.

ಅವರು ಒಳ್ಳೆಯವರೇ. ನನ್ನಷ್ಟೇ ವಯಸ್ಸಿನ ಹುಡುಗಿ, ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ನನಗೆ ಇಂಗ್ಲಿಷ್ ಬರುತ್ತದೆ, ಆದರೆ ಅದು ಇಂಟರ್‌ವ್ಯೂ ಇಂಗ್ಲಿಷ್. ಬೆನ್ನು ನೆಟ್ಟಗೆ ಮಾಡಿ ಕುಳಿತು, ಒಂದೊಂದು ಪ್ರಶ್ನೆಗೂ ಪೂರ್ತಿ ವಾಕ್ಯದಲ್ಲಿ, ನಗುತ್ತಾ ಉತ್ತರ ಕೊಟ್ಟೆ. ಮುಗಿಯುವ ಹೊತ್ತಿಗೆ ನನಗೆ ಏನೂ ತೊಂದರೆಯೇ ಇಲ್ಲವೆಂದು ನನಗೇ ಅನ್ನಿಸುವ ಹಾಗಿತ್ತು. ಗಾಯದ ವಿಷಯ ಬಾಯಿಗೆ ಬರಲಿಲ್ಲ. ಅವರು ಆಮೇಲೆ ಎರಡು ಸಲ ಮೆಸೇಜ್ ಮಾಡಿ ಹೇಗಿದ್ದೀರಿ ಎಂದು ಕೇಳಿದರು. ಉತ್ತರ ಕೊಡಲಿಲ್ಲ. ಅವರಿಗೂ ಮೋಸ ಮಾಡಿದೆ ಅನ್ನಿಸಿ, ಅವರ ಹೆಸರು ಕಂಡರೆ ಫೋನನ್ನೇ ಬೋರಲು ಹಾಕುತ್ತಿದ್ದೆ.

ಅವರಿಗೆ ಉತ್ತರ ಕೊಡಬೇಕಾಗಿದ್ದ ಒಂದು ಸಂಜೆಯೇ ಕನ್ನಡದಲ್ಲಿ ಮಾತಾಡುವವರು ಯಾರಿದ್ದಾರೆ ಎಂದು ಮತ್ತೆ ಹುಡುಕಿದೆ. ಸಿಕ್ಕವರು ಹುಬ್ಬಳ್ಳಿ ಕಡೆಯ ಮೇಡಂ, ಮಲ್ಲೇಶ್ವರದಲ್ಲಿ ಮಹಡಿ ಮೇಲೆ ಒಂದು ಚಿಕ್ಕ ರೂಮು. ಫೋಟೋದಲ್ಲಿ ಗಿಡವೂ ಇರಲಿಲ್ಲ, ಕಪಾಟೂ ಇರಲಿಲ್ಲ. ಮೊದಲ ದಿನ ಕುರ್ಚಿಯಲ್ಲಿ ಕುಳಿತು ನನ್ನ ಊರು, ಕೆಲಸ ಎಲ್ಲ ಹೇಳತೊಡಗಿದೆ. ಅವರು ಕೈ ಎತ್ತಿ ನಗುತ್ತಾ, "ಸಾವಕಾಶ ಮಾತಾಡ್ರಿ. ನನಗ ಕೇಳಸ್ತದ" ಎಂದರು. ನಾನು ಕಿರುಚುತ್ತಿದ್ದೆ ಎಂದು ಆಗ ಗೊತ್ತಾಯಿತು. ಮಗ್ಗದ ವಿಷಯ ಹೇಳಿದೆ. ನಕ್ಕೆವು. ಆ ನಗುವಿನ ಹಿಂದೆಯೇ ಗಾಯದ ವಿಷಯವೂ ಬಂದುಬಿಟ್ಟಿತು.

ಅವರು ಹೌಹಾರಲಿಲ್ಲ, ತೋರಿಸು ಎನ್ನಲಿಲ್ಲ. ಸಾಯಬೇಕು ಅನ್ನಿಸ್ತದೇನು ಎಂದು ನೇರವಾಗಿ ಕೇಳಿದರು. ಇಲ್ಲ ಎಂದೆ, ಅದು ನಿಜವಾಗಿತ್ತು. ಹಾಗೇನಾದರೂ ಅನ್ನಿಸಿದರೆ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು ಎಂದೆಲ್ಲ ಇಬ್ಬರೂ ಕೂತು ಮಾತಾಡಿ ಇಟ್ಟುಕೊಂಡೆವು. ಒಬ್ಬ ಡಾಕ್ಟರನ್ನೂ ನೋಡಲು ಹೇಳಿದರು. ಮನೆಯಲ್ಲಿ ಒಬ್ಬರಿಗಾದರೂ ಹೇಳ್ರಿ ಎಂದರು. ಅದೊಂದು ಬೇಡ ಮೇಡಂ ಎಂದೆ. ಆಯ್ತು, ಅವಸರ ಇಲ್ಲ ಎಂದು ಬಿಟ್ಟರು.

ಎರಡು ಸಲ ಹೋಗಿ ಬಂದೆ. ಗೃಹಪ್ರವೇಶಗಳು ಮುಗಿದವು, ಗೆಳತಿಯರಿಗೆ ಮದುವೆಗಳೂ ಆದವು, ಇನ್ನು ಸುಳ್ಳು ಹುಟ್ಟುತ್ತಿರಲಿಲ್ಲ. ಹಾಗಾಗಿ ಪ್ರತಿ ಶನಿವಾರ ಸಂಜೆ ಆಫೀಸಿನಿಂದ ಬಂದ ಮೇಲೆ ಫೋನಿನಲ್ಲೇ ಮಾತಾಡುವುದು ಎಂದಾಯಿತು. ಎಲ್ಲಿ ನಿಂತು ಮಾತಾಡುವುದು? ತಾರಸಿಯ ಮೇಲೆ ಹೋದರೆ ಎಡಕ್ಕೂ ಬಲಕ್ಕೂ ಬಟ್ಟೆ ತೆಗೆಯುವ ಹೆಂಗಸರು. ರೂಮಿನ ಬಾಗಿಲು ಹಾಕಿಕೊಂಡರೆ ಯಾವ ಹುಡುಗ ಎಂದು ಅಮ್ಮ ಕೇಳುತ್ತಾಳೆ. ಮಗ್ಗದ ಮನೆಯಲ್ಲೇ ಹುಟ್ಟಿ ಬೆಳೆದವಳಿಗೆ ಹೊಳೆಯುವ ಜಾಗ ಹೊಳೆಯಿತು. ಕೊನೆಯ ಮಗ್ಗದ ಹಿಂದೆ, ನೂಲಿನ ಚೀಲಗಳ ಮೂಲೆ. ಅಲ್ಲಿ ನಿಂತು ಏನು ಹೇಳಿದರೂ ಎರಡು ಮಾರು ದೂರದ ಅಪ್ಪನಿಗೆ ಕೇಳುವುದಿಲ್ಲ. ಬೇರೆ ಯಾರಾದರೂ ಆಗಿದ್ದರೆ ಗುಟ್ಟು ಹೇಳಲು ನಿಶ್ಶಬ್ದ ಹುಡುಕುತ್ತಿದ್ದರು.

"ಅದೇನ್ರೀ ಅಷ್ಟ್ ಸಪ್ಪಳ?" ಎಂದರು ಮೇಡಂ, ಮೊದಲ ಶನಿವಾರ.

"ಮಗ್ಗ ಮೇಡಂ! ಇಲ್ಲಿ ಮಾತಾಡಿದ್ರೆ ಯಾರ್ಗೂ ಕೇಳ್ಸಲ್ಲ!"

"ನನಗೂ ಕೇಳವಲ್ದು!"

ಹಾಗಾಗಿ ಕಿರುಚುತ್ತಾ ಮಾತಾಡಿದೆ. ಅಪ್ಪ ಒಮ್ಮೆ ನನ್ನ ಕಡೆ ನೋಡಿ, ಆಫೀಸಿನ ಫೋನೇನೋ ಎಂದು ಮತ್ತೆ ತುಂಡಾದ ಎಳೆ ಹುಡುಕಲು ಬಗ್ಗಿದ. ಅಮ್ಮ ಅಡಿಗೆಮನೆಯಲ್ಲಿದ್ದಳು. ಆ ವಾರ ನನಗೆ ಬಹಳ ಕಷ್ಟವಾಗಿತ್ತು, ಹೇಳಿಬಿಡಬೇಕಿತ್ತು. ಗಂಟಲು ಹರಿಯುವ ಹಾಗೆ, "ಮೇಡಂ, ಏನ್ ಮಾಡಿದ್ರೂ ನಂಗೆ ನಾನೇ" ಎನ್ನುವಷ್ಟರಲ್ಲಿ ಕರೆಂಟ್ ಹೋಯಿತು. ನಾಲ್ಕು ಮಗ್ಗವೂ, ಇಡೀ ಬೀದಿಯೂ ಒಟ್ಟಿಗೆ ನಿಂತವು. ನನ್ನ ಬಾಯಿ ಮಾತ್ರ ನಿಲ್ಲಲಿಲ್ಲ. "ಗಾಯ ಮಾಡ್ಕೊಳ್ಳೋದು ಬಿಡಕ್ಕಾಗ್ತಿಲ್ಲ!" ಎಂಬ ಉಳಿದರ್ಧ ಆ ನಿಶ್ಶಬ್ದದಲ್ಲಿ ಹೋಗಿ ಗೋಡೆಗೆ ಬಡಿಯಿತು.

ಅಪ್ಪ ಬಗ್ಗಿದವನು ಬಗ್ಗಿದ ಹಾಗೇ ಇದ್ದ. ಅಮ್ಮ ಸೌಟು ಹಿಡಿದುಕೊಂಡು ಬಾಗಿಲಿಗೆ ಬಂದಳು. ನನ್ನ ಕೈಯಲ್ಲಿದ್ದ ಫೋನಿನಿಂದ, "ಏನ್ ಆತ್ರೀ? ಮನ್ಯಾಗಿನವ್ರಿಗೆ ಕೇಳಿಸ್ತೇನು?" ಎಂದು ಮೇಡಂ ಕೇಳುವುದೂ ಈಗ ಎಲ್ಲರಿಗೂ ಕೇಳಿಸುತ್ತಿತ್ತು. ಹೂಂ ಎಂದೆ. "ಹಂಗಾರ ಅವ್ರ ಜೋಡಿ ಕೂಡ್ರಿ. ಒಬ್ರೇ ಇರಬ್ಯಾಡ್ರಿ. ಅರ್ಧ ತಾಸು ಬಿಟ್ಟು ನಾನೇ ಫೋನ್ ಮಾಡ್ತೀನಿ" ಎಂದರು.

ಅಮ್ಮ ಬಂದು ನೂಲಿನ ಚೀಲದ ಮೇಲೆ ನನ್ನ ಪಕ್ಕ ಕುಳಿತಳು. ತೋಳು ಸರಿಸಿ ನೋಡುತ್ತಾಳೆಂದು ಹೆದರಿ ಕೈ ಹಿಂದಕ್ಕೆ ಎಳೆದುಕೊಂಡೆ. ಅವಳು ನೋಡಲಿಲ್ಲ. ಬಟ್ಟೆಯ ಮೇಲೆಯೇ ನನ್ನ ಮೊಣಕೈ ಹಿಡಿದುಕೊಂಡಳು. "ಎಲ್ರೂ ನಂಗೆ ನಿದ್ದೆ ಬತ್ತದಾ ಅಂತ ಕೇಳ್ತಿದ್ರಲ್ಲ. ಬರ್ದೆ ಇದ್ದಿದ್ದು ನಿಂಗಾ?" ಎಂದಳು.

ನಾನು ಆಸ್ಪತ್ರೆಯ ಕಥೆ ಹೇಳಿದೆ. ಹೇಳುತ್ತಾ ಅತ್ತುಬಿಟ್ಟೆ. ತಪ್ಪಾಯ್ತಮ್ಮ, ಎಲ್ಲರಿಗೂ ಹೋಗಿ ಸುಳ್ಳು ಅಂತ ಹೇಳಿಬಿಡ್ತೀನಿ ಎಂದೆ.

"ಬ್ಯಾಡ ಬುಡು," ಎಂದಳು ಅಮ್ಮ. "ನಂಗೇ ಅಂತ ಅನ್ಕೊಂಡಿರ್ಲಿ. ನಂಗೇನ್ ಇನ್ಮೇಲೆ ಗಂಡು ನೋಡ್ಬೇಕಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಮೇಲೆ ತನ್ನಷ್ಟಕ್ಕೆ ತಾನು, ತುಂಬುತೋಳು ತುಂಬುತೋಳು ಎಂದು ಊರಿಗೆಲ್ಲ ಹೇಳಿಕೊಂಡು ಬಂದೆನಲ್ಲ, ಕಣ್ಣಿದ್ದೂ ಕುರುಡಿ ನಾನು ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನನ್ನ ತಪ್ಪಿಗೆ ಅವಳು ತನ್ನನ್ನು ಬೈದುಕೊಳ್ಳುವುದನ್ನು ನೋಡುತ್ತಾ ಕುಳಿತಿರುವುದಕ್ಕಿಂತ ದೊಡ್ಡ ಶಿಕ್ಷೆ ನನಗೆ ಬೇಕಿರಲಿಲ್ಲ. ಅಷ್ಟರಲ್ಲಿ ಕರೆಂಟ್ ಬಂತು. ಬೀದಿಯ ಮಗ್ಗಗಳೆಲ್ಲ ಶುರುವಾದವು. ಅಪ್ಪ ನಮ್ಮದನ್ನು ಶುರು ಮಾಡಲಿಲ್ಲ. ಕತ್ತಲಾಗುತ್ತಾ ಬಂದಿದ್ದರಿಂದ ಯಾರೂ ಇಣುಕಲು ಬರಲಿಲ್ಲ. ಹೋಗಿ ಕೈಕಾಲು ತೊಳೆದುಕೊಂಡು ಬಂದು ಗೋಡೆಗೆ ಒರಗಿ ಕುಳಿತ. ಮೇಡಂ ಹೇಳಿದಂತೆ ಫೋನ್ ಮಾಡಿದರು, ಅಮ್ಮನ ಹತ್ತಿರವೂ ಮಾತಾಡಿದರು. ಅಪ್ಪ ಅವತ್ತು ಒಂದು ಮಾತೂ ಆಡಲಿಲ್ಲ. ಎರಡು ದಿನ ಬಿಟ್ಟು, ನಾನು ಸ್ಕೂಟಿ ಹೊರಗೆ ತೆಗೆಯುವಾಗ ಹಿಂದೆ ಬಂದು, "ಆ ಡಾಕ್ಟ್ರಮ್ಮ ಶನಿವಾರ ಎಷ್ಟೊತ್ಗೆ ಸಿಗೋದು?" ಎಂದು ಕೇಳಿದ. ಐದೂವರೆಗೆ ಎಂದೆ.

ಆ ಶನಿವಾರ ಐದೂವರೆಗೆ ಸ್ವಲ್ಪ ಮುಂಚೆ ಅಪ್ಪ ಎದ್ದು ಹೋಗಿ ಮೈನ್ ಸ್ವಿಚ್ ಇಳಿಸಿದ. ಅರ್ಧ ಸೀರೆ ಮಗ್ಗದ ಮೇಲಿತ್ತು, ಅಂಗಡಿಯವರು ಬೆಳಿಗ್ಗೆಯಿಂದ ಅವಸರ ಮಾಡುತ್ತಿದ್ದರು. ಬೇಡಪ್ಪಾ, ತಾರಸಿಗೆ ಹೋಗ್ತೀನಿ ಎಂದೆ. ಅವನು ಕೇಳಿಸದವನ ಹಾಗೆ ಅಮ್ಮನನ್ನೂ ಕರೆದುಕೊಂಡು ಹೊರಗಿನ ಜಗಲಿಗೆ ಹೋಗಿ ಬಾಗಿಲು ಮುಂದೆ ಎಳೆದುಕೊಂಡ. ನಿಂತ ಮಗ್ಗಗಳ ಮಧ್ಯೆ ನಾನೊಬ್ಬಳೇ ಉಳಿದೆ. ಬೀದಿಯ ಬೇರೆ ಮನೆಗಳಿಂದ ಸದ್ದು ಬರುತ್ತಲೇ ಇತ್ತು.

ಆ ವಾರ ಮಂಗಳವಾರ ಮತ್ತೆ ಆಗಿತ್ತು. ಇಬ್ಬರಿಗೂ ಗೊತ್ತಾದ ಮೇಲೂ, ಅಮ್ಮ ಅಷ್ಟು ಅತ್ತ ಮೇಲೂ ಆಗಿತ್ತು. ನನಗಾಗಿ ದುಡಿಯುವ ಮಗ್ಗ ನಿಲ್ಲಿಸಿ ಹೊರಗೆ ಕುಳಿತವರನ್ನು ನೆನೆದರೆ ಆ ಮಾತು ಹೇಗೆ ಹೊರಡಬೇಕು? ಮೇಡಂ ಹೇಗಿದ್ದೀರಿ ಎಂದು ಕೇಳಿದರು. "ಚೆನ್ನಾಗಿದೀನಿ ಮೇಡಂ, ಈ ವಾರ ಏನೂ ಇಲ್ಲ" ಎಂದೆ, ಸಣ್ಣ ದನಿಯಲ್ಲಿ.

ಆಗ ಹೊರಗೆ ಎದುರುಮನೆಯ ಅತ್ತೆಯ ಚಪ್ಪಲಿ ಸದ್ದು. "ಏನಣ್ಣ, ನಿಮ್ದೊಂದೇ ನಿಂತೈತೆ? ಯಾರ್ಗಾದ್ರೂ ಏನಾದ್ರೂ..."

ಅಪ್ಪ ಬಾಯಿ ತೆಗೆಯುವ ಮೊದಲೇ ಅಮ್ಮ ಹೇಳಿದಳು, "ಏನಿಲ್ಲ ಬಾಕ್ಕ. ನಂಗೇ ತಲೆ ಸಿಡೀತಿತ್ತು. ಸದ್ದು ತಡ್ಕೊಳಕ್ಕಾಗ್ಲಿಲ್ಲ."

"ಅದೇ ನಿದ್ದೆದು ತಾನೆ? ಆಸ್ಪತ್ರೆ ಮಾತ್ರೆ ತಗೊಂಡ್ಯಾ?"

"ಹೂಂ, ತಗೊಂಡೆ ಕಣಕ್ಕ. ಪರ್ವಾಗಿಲ್ಲ ಈಗ."

ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಒಂದ್ನಿಮಿಷ ಮೇಡಂ ಎಂದು ಫೋನನ್ನು ಚೀಲದ ಮೇಲಿಟ್ಟು ಹೋಗಿ ಬಾಗಿಲು ತೆಗೆದೆ. ಮೂವರೂ ತಿರುಗಿ ನೋಡಿದರು. "ಅತ್ತೆ, ಅಮ್ಮಂಗೇನೂ ಆಗಿಲ್ಲ," ಎಂದೆ. "ಅವತ್ತು ಆಸ್ಪತ್ರೇಲಿ ನಾನು ಸುಳ್ಳು ಹೇಳ್ದೆ. ತೋರಿಸ್ಕೊಳ್ಳಕ್ಕೆ ನಿಂತಿದ್ದು ನಾನು. ಹುಷಾರಿಲ್ದೆ ಇರೋದು ನಂಗೆ. ಈಗ ಬೆಂಗ್ಳೂರಿನ ಒಬ್ರು ಮೇಡಂ ಹತ್ರ ಫೋನಲ್ಲಿ ಮಾತಾಡ್ತಿದೀನಿ, ಅದ್ಕೆ ಅಪ್ಪ ನಿಲ್ಸಿರೋದು." ಹುಟ್ಟಿನ ಅಭ್ಯಾಸ, ದನಿ ಜೋರಾಗಿಯೇ ಬಂತು. ಬೀದಿಯಲ್ಲಿ ಹೋಗುತ್ತಿದ್ದ ಹಾಲಿನವನೂ ತಿರುಗಿ ನೋಡಿದ.

ಅಮ್ಮ ನನ್ನನ್ನು ನುಂಗುವ ಹಾಗೆ ನೋಡಿದಳು. ಅತ್ತೆ ನನ್ನ ಮುಖ, ಅಮ್ಮನ ಮುಖ ಎರಡನ್ನೂ ನೋಡಿ, "ಅಯ್ಯೋ, ಹಂಗಾ," ಎಂದರು. ಅವರು ಯಾರ ಯಾರ ಹತ್ತಿರ ಏನು ಹೇಳುತ್ತಾರೋ ನನಗೆ ಗೊತ್ತಿರಲಿಲ್ಲ. ಅಪ್ಪ ಮಾತ್ರ, "ಆವಮ್ಮ ಕಾಯ್ತಾವ್ರೆ, ಒಳಗೋಗವ್ವ," ಎಂದ.

ಬಾಗಿಲು ಎಳೆದುಕೊಂಡು ಬಂದು ಫೋನ್ ಎತ್ತಿದೆ. "ಮೇಡಂ, ಇದೀರಾ?"

"ಅದೀನ್ರಿ."

"ಚೆನ್ನಾಗಿದೀನಿ ಅಂದ್ನಲ್ಲ ಮೇಡಂ, ಅದು ಸುಳ್ಳು. ಮಂಗಳವಾರ ಮತ್ತೆ ಆಯ್ತು."

ಹೊರಗೆ ಅಪ್ಪ ಇದ್ದಕ್ಕಿದ್ದ ಹಾಗೆ ಅತ್ತೆಯನ್ನು ಅವರ ಮನೆಯ ನೀರಿನ ಮೋಟರಿನ ವಿಷಯ ಕೇಳತೊಡಗಿದ. ಎಷ್ಟು ದಿನದಿಂದ ಕೆಟ್ಟಿದೆ, ಯಾರಿಗೆ ಕೊಟ್ಟಿದ್ದೀರಿ, ಅವನು ಸರಿಯಿಲ್ಲ, ಬೇರೆಯವನಿಗೆ ಕೊಡಿ ಎಂದು, ನಾಲ್ಕು ಮಗ್ಗ ಓಡುವಾಗ ಮಾತಾಡುವ ದನಿಯಲ್ಲಿ. ಮಾತೇ ಆಡದ ಮನುಷ್ಯ, ನನ್ನ ಮಾತು ತನ್ನ ಕಿವಿಗೆ ಬೀಳಬಾರದೆಂದು ಒಂದೇ ಸಮನೆ ಮಾತಾಡುತ್ತಿದ್ದ. ನಾನು ಒಳಗೆ ಕುಳಿತು ಮಂಗಳವಾರದ್ದನ್ನೆಲ್ಲ ಸಣ್ಣ ದನಿಯಲ್ಲಿ ಹೇಳುತ್ತಾ ಹೋದೆ. ಮೇಡಂ ಒಂದು ಸಲವೂ ಏನಂದ್ರಿ ಎಂದು ಕೇಳಲಿಲ್ಲ.